ತುಮಕೂರು ಪಾಲಿಕೆಗೆ ನಿಲ್ಲಬೇಕು ಅಂತಿದ್ದೇನೆ, ನಾಮಪತ್ರದ ಕೆಲಸ ಎಲ್ಲಿಂದ ಶುರು ಮಾಡಲಿ?

ಮರಳೂರಮ್ಮ

ಎಲ್ಲರಿಗೂ ನಮಸ್ಕಾರ. ಮನೆ ಮರಳೂರು ಕಡೆ. ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ನಮ್ಮ ರಸ್ತೆಯಲ್ಲಿ ಒಳಚರಂಡಿಯ (ಯುಜಿಡಿ) ಚೇಂಬರ್ ಉಕ್ಕಿದರೂ, ಬೀದಿದೀಪ ಕೆಟ್ಟರೂ ಅರ್ಜಿ ಹಿಡಿದು ಓಡಾಡುವುದು ನಾನೇ. ಈಗ ಸ್ತ್ರೀಶಕ್ತಿ ಸಂಘದವರೆಲ್ಲ ಸೇರಿ "ನೀನೇ ನಿಂತ್ಕೊ, ನಾವಿದ್ದೀವಿ" ಅಂತ ಹಠ ಹಿಡಿದಿದ್ದಾರೆ. ನಮ್ಮ ಯಜಮಾನರು ಬೇಡ ಅಂದಿಲ್ಲ. ಹೂಂ ಅಂತಲೂ ಅಂದಿಲ್ಲ.

ಯಾವ ಪಾರ್ಟಿಯವರ ಪರಿಚಯವೂ ನನಗಿಲ್ಲ. ನಿಂತರೆ ಪಕ್ಷೇತರವಾಗಿಯೇ. ಏನೇನು ಕಾಗದ ಬೇಕು, ಯಾರನ್ನು ಕೇಳಬೇಕು ಒಂದೂ ಗೊತ್ತಿಲ್ಲ. ಮೂರು ಮಕ್ಕಳಿದ್ದರೆ ನಿಲ್ಲುವ ಹಾಗಿಲ್ಲ ಅಂತ ಒಬ್ಬರು ಹೇಳಿದರು. ನನಗೆ ಮೂವರು. ಎಸ್‌ಎಸ್‌ಎಲ್‌ಸಿ ಪಾಸಾಗಿರಲೇಬೇಕು ಅಂತ ಇನ್ನೊಬ್ಬರು. ನನ್ನದು ಒಂಬತ್ತನೇ ಕ್ಲಾಸಿಗೇ ನಿಂತಿತು. ತಿಳಿದವರು ಹೇಳಿ.

ಕ್ಯಾತ್ಸಂದ್ರ ತಟ್ಟೆಇಡ್ಲಿ

ನಿಂತ್ಕೊಳ್ಳಿ ಅಕ್ಕ, ಧೈರ್ಯವಾಗಿ. ನಮ್ಮ ಕಡೆ ಬೀದಿದೀಪ ಕೆಟ್ಟರೆ ಕೇಳೋಕೆ ನಿಮ್ಮಂಥವರು ಒಬ್ಬರೂ ಇಲ್ಲ.

ಹಳೇ ಶಿರಸ್ತೇದಾರ

ನೋಡಮ್ಮ, ಸರ್ವಿಸಿನಲ್ಲಿದ್ದಾಗ ಎಲೆಕ್ಷನ್ ಡ್ಯೂಟಿಯಲ್ಲಿ ನಾಮಪತ್ರ ತೆಗೆದುಕೊಳ್ಳುವ ಟೇಬಲ್ಲಿನ ಆಚೆ ಕಡೆ ಕೂತವನು ನಾನು. ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಆ ಎರಡು ಪುಕಾರು. ಮೂರು ಮಕ್ಕಳ ನಿಯಮ ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳಲ್ಲಿದೆ. ನಮ್ಮ ಪಾಲಿಕೆಗೆ, ನಗರಸಭೆಗೆ ಇಲ್ಲ. ಓದಿನ ಷರತ್ತೂ ಇಲ್ಲ. ವಯಸ್ಸು 21 ಆಗಿರಬೇಕು, ಅಷ್ಟೇ. ಎಂಎಲ್‌ಎ ಆಗಲು 25 ಬೇಕು, ಜನ ಅದನ್ನೇ ಇದಕ್ಕೂ ಅಂದುಕೊಳ್ಳುತ್ತಾರೆ.

ಈ ಚುನಾವಣೆ ನಡೆಸುವುದು ದೆಹಲಿಯ ಆಯೋಗ ಅಲ್ಲ, ಬೆಂಗಳೂರಿನಲ್ಲಿರುವ ರಾಜ್ಯ ಚುನಾವಣಾ ಆಯೋಗ. 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ ಹುಟ್ಟಿದ ವ್ಯವಸ್ಥೆ ಇದು. ನಮ್ಮ ತುಮಕೂರು ಮಹಾನಗರ ಪಾಲಿಕೆ, ಹಾಗಾಗಿ 1976ರ ಪಾಲಿಕೆ ಕಾಯ್ದೆ. ನಗರಸಭೆ ಇರುವ ಊರುಗಳಿಗೆ 1964ರ ಪುರಸಭೆಗಳ ಕಾಯ್ದೆ. ಕೆಲಸದ ರೀತಿ ಹೆಚ್ಚುಕಮ್ಮಿ ಒಂದೇ. ಆದರೂ ಅಲ್ಲಿರುವ ನೆಂಟರು ಹೇಳಿದ್ದನ್ನು ಹಾಗೇ ನಂಬಬೇಡಿ. ಖರ್ಚಿನ ಮಿತಿಯಂಥ ಕೆಲವು ಬೇರೆ ಇವೆ.

ಈಗ ಮುಖ್ಯವಾದದ್ದು. ನಿಮ್ಮ ಹೆಸರು ತುಮಕೂರು ಪಾಲಿಕೆಯ ಮತದಾರರ ಪಟ್ಟಿಯಲ್ಲಿ ಇರಬೇಕು. ಯಾವ ವಾರ್ಡಿನಲ್ಲಿದ್ದರೂ ಸರಿ. ಆದರೆ ನಿಮ್ಮನ್ನು ಸೂಚಿಸುವವರು, ಅಂದರೆ ನಾಮಪತ್ರದಲ್ಲಿ ಸೂಚಕರ ಜಾಗದಲ್ಲಿ ಸಹಿ ಹಾಕುವವರು, ನೀವು ನಿಲ್ಲುವ ವಾರ್ಡಿನ ಮತದಾರರೇ ಆಗಿರಬೇಕು. ಇಲ್ಲಿ ಎಡವುವವರು ಜಾಸ್ತಿ. ಪಕ್ಕದ ಬೀದಿಯವರೇ ಅಂತ ಸಹಿ ಹಾಕಿಸಿಕೊಂಡು ಬರುತ್ತಾರೆ. ಆ ಬೀದಿ ಮಧ್ಯದಲ್ಲೇ ವಾರ್ಡಿನ ಗಡಿ ಹೋಗಿರುತ್ತದೆ.

ಇವತ್ತೇ ಪಟ್ಟಿ ತೆಗೆದು ನೋಡಿ. ನಿಮ್ಮ ಹೆಸರು, ಭಾಗದ ಸಂಖ್ಯೆ, ಕ್ರಮಸಂಖ್ಯೆ ಬರೆದಿಟ್ಟುಕೊಳ್ಳಿ. ಚುನಾವಣೆ ಘೋಷಣೆ ಆದ ಮೇಲೆ ನೋಡಿದರಾಯಿತು ಅನ್ನಬೇಡಿ. ಜಿಲ್ಲಾಧಿಕಾರಿ ಅಧಿಸೂಚನೆ ಹೊರಡಿಸಿದರೆ ನಾಮಪತ್ರಕ್ಕೆ ಸಿಗುವುದು ಸಾಮಾನ್ಯವಾಗಿ ಒಂದು ವಾರದ ಆಸುಪಾಸು. ಅದರಲ್ಲಿ ರಜೆ ಬೇರೆ ಬರುತ್ತದೆ.

ಬೂತ್ ಏಜೆಂಟ್

ಶಿರಸ್ತೇದಾರ್ ಸಾರ್ ಹೇಳಿದ್ದು ಸರಿ. ಆದರೆ ಮೇಡಂ, ಅದಕ್ಕೂ ಮುಂಚೆ ಒಂದಿದೆ. ವಾರ್ಡ್ ಮೀಸಲಾತಿ.

ನೀವು ಎಷ್ಟೇ ಓಡಾಡಿ, ಎಷ್ಟೇ ಹೆಸರು ಮಾಡಿ. ಒಂದು ದಿನ ಬೆಂಗಳೂರಿನಿಂದ ಪಟ್ಟಿ ಬರುತ್ತೆ. ನಿಮ್ಮ ವಾರ್ಡು ಪರಿಶಿಷ್ಟ ಜಾತಿಗೋ, ಹಿಂದುಳಿದ ವರ್ಗಕ್ಕೋ ಹೋಗಿದ್ದು ನೀವು ಆ ವರ್ಗದವರಲ್ಲದಿದ್ದರೆ ಅಲ್ಲಿಗೆ ಕಥೆ ಮುಗಿಯಿತು. ಐದು ವರ್ಷ ವಾರ್ಡಿನಲ್ಲಿ ಮದುವೆ, ತಿಥಿ, ಗಣೇಶ ಅಂತ ಕೈ ಬಿಚ್ಚಿ ಖರ್ಚು ಮಾಡಿದವರು ಆ ಪಟ್ಟಿ ನೋಡಿ ಟೌನ್‌ಹಾಲ್ ಸರ್ಕಲ್ಲಿನಲ್ಲಿ ತಲೆ ಮೇಲೆ ಕೈ ಹೊತ್ತು ನಿಂತಿದ್ದನ್ನು ನೋಡಿದ್ದೇನೆ. ನಾಮಪತ್ರದ ಅಸಲಿ ಆಟ ಶುರುವಾಗುವುದು ಪಾಲಿಕೆ ಕಚೇರಿಯಲ್ಲಿ ಅಲ್ಲ, ಆ ಪಟ್ಟಿಯಲ್ಲಿ.

ಗುಬ್ಬಿಗೇಟ್ ಲಾಯರ್

ಅದಕ್ಕೆ ಸ್ವಲ್ಪ ಸೇರಿಸುತ್ತೇನೆ. ಮೀಸಲಾತಿ ನಿಗದಿ ಮಾಡಿ ಅಧಿಸೂಚನೆ ಹೊರಡಿಸುವುದು ರಾಜ್ಯ ಸರ್ಕಾರ, ಆಯೋಗ ಅಲ್ಲ. ಎಸ್‌ಸಿ, ಎಸ್‌ಟಿ ಸ್ಥಾನ ಜನಸಂಖ್ಯೆ ನೋಡಿ. ಹಿಂದುಳಿದ ವರ್ಗಕ್ಕೆ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಭಾಗ, ಅದರಲ್ಲಿ ಶೇ. 80 ವರ್ಗ ಅ, ಶೇ. 20 ವರ್ಗ ಬ (ಚುನಾವಣೆಗೆ ಹಿಂದುಳಿದ ವರ್ಗವನ್ನು ಹೀಗೆ ಎರಡು ಭಾಗ ಮಾಡಿದ್ದಾರೆ). ಎಲ್ಲ ಸೇರಿ ಅರ್ಧ ದಾಟುವ ಹಾಗಿಲ್ಲ. ಪ್ರತಿ ವರ್ಗದ ಒಳಗೂ, ಸಾಮಾನ್ಯದ ಒಳಗೂ ಅರ್ಧದಷ್ಟು ಮಹಿಳೆಯರಿಗೆ. ಸರದಿ ಪ್ರಕಾರ ವಾರ್ಡು ಬದಲಾಗುತ್ತಾ ಹೋಗುತ್ತದೆ. ಹಿಂದುಳಿದ ವರ್ಗದ ಲೆಕ್ಕಕ್ಕೆ ಅಂಕಿಅಂಶ ಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನಮ್ಮ ಸರ್ಕಾರ ನ್ಯಾಯಮೂರ್ತಿ ಭಕ್ತವತ್ಸಲ ಅವರ ಆಯೋಗ ಮಾಡಿತು, 2022ರಲ್ಲಿ ವರದಿ ಬಂತು.

ಮರಳೂರಮ್ಮನವರೇ, ನಿಮಗೆ ಅನುಕೂಲ ಏನೆಂದರೆ ಸಾಮಾನ್ಯ ಮಹಿಳೆ ವಾರ್ಡಾದರೂ ನಿಲ್ಲಬಹುದು, ಬರೀ ಸಾಮಾನ್ಯ ಅಂತಿದ್ದರೂ ನಿಲ್ಲಬಹುದು. "ಜನರಲ್ ಅಂದ್ರೆ ಗಂಡಸರಿಗೆ" ಅಂತ ಹೇಳಿ ಹೆಂಗಸರನ್ನು ಹಿಂದೆ ಸರಿಸುವುದು ಸುಮ್ನೆ ಒಂದು ರೂಢಿ. ಕಾನೂನಿನಲ್ಲಿ ಹಾಗೆ ಎಲ್ಲೂ ಇಲ್ಲ.

ಇನ್ನು ಅನರ್ಹತೆ. ಸರ್ಕಾರಿ ಸಂಬಳದ ಕೆಲಸದಲ್ಲಿ ಇರಬಾರದು. ಪಾಲಿಕೆ ಜೊತೆ ಗುತ್ತಿಗೆಯ ವ್ಯವಹಾರ ಇರಬಾರದು. ಪಾಲಿಕೆಗೆ ಕಟ್ಟಬೇಕಾದ ಬಾಕಿ ಉಳಿಸಿಕೊಂಡಿರಬಾರದು. ನನ್ನ ಹತ್ತಿರ ಒಬ್ಬರು ಬಂದಿದ್ದರು. ಟ್ಯಾಂಕರ್ ನೀರು ಪೂರೈಸುವ ಗುತ್ತಿಗೆ ಹಳೆಯದು, ಆದರೆ ಕಾಗದದಲ್ಲಿ ಇನ್ನೂ ಜೀವಂತ. ಎದುರಾಳಿ ಅದನ್ನೇ ಹುಡುಕಿ ತೆಗೆದು ನಾಮಪತ್ರ ಪರಿಶೀಲಿಸುವ ದಿನ ಟೇಬಲ್ ಮೇಲೆ ಇಟ್ಟರು. ಮನೆ ಕಂದಾಯ, ನೀರಿನ ಬಿಲ್ಲು ಎಲ್ಲಾ ಕಟ್ಟಿ, ರಸೀದಿ ಒಂದು ಫೈಲಿನಲ್ಲಿ ಇಡಿ.

ಮರಳೂರಮ್ಮ

ಎಲ್ಲರಿಗೂ ಥ್ಯಾಂಕ್ಸ್. ನಮ್ಮದು ಬಾಡಿಗೆ ಮನೆ ಸಾರ್. ಸ್ವಂತ ಮನೆ ಇರಬೇಕಾ?

ಗುಬ್ಬಿಗೇಟ್ ಲಾಯರ್

ಬೇಡ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಆಸ್ತಿ ಇದ್ದರೆ ಅಫಿಡವಿಟ್‌ನಲ್ಲಿ ಹೇಳಬೇಕು, ಇಲ್ಲದಿದ್ದರೆ "ಇಲ್ಲ" ಅಂತ ಹೇಳಬೇಕು. ಅಷ್ಟೇ.

ಚಿಕ್ಕಪೇಟೆ ಅಕ್ಕ

ನಾನು ಒಂದು ಸಲ ಪಕ್ಷೇತರವಾಗಿ ನಿಂತು ಸೋತವಳು. ಸೋತ ಬೇಜಾರು ಹೋಗಿದೆ, ಕಾಗದಗಳ ಕಾಟ ಮಾತ್ರ ಇನ್ನೂ ಮರೆತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೀಸಲು ವಾರ್ಡಾದರೆ ಜಾತಿ ಪ್ರಮಾಣಪತ್ರ ಬೇಕು, ತಹಶೀಲ್ದಾರರದ್ದು. ನಾವು ಹೆಂಗಸರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ. ಜಾತಿ ಅಂದರೆ ಹುಟ್ಟಿದ ಮನೆಯದು, ಗಂಡನ ಮನೆಯದಲ್ಲ. ಪ್ರಮಾಣಪತ್ರದಲ್ಲಿ "ಇಂಥವರ ಮಗಳು" ಅಂತ ಇರುತ್ತದೆ. ಮತದಾರರ ಪಟ್ಟಿಯಲ್ಲಿ "ಇಂಥವರ ಹೆಂಡತಿ". ನನ್ನದು ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಆಧಾರಿನಲ್ಲಿ ಇನಿಷಿಯಲ್ಲೇ ಇಲ್ಲ. ಇಬ್ಬರೂ ಒಬ್ಬಳೇ ಅಂತ ತೋರಿಸಲು ಅಪ್ಪನ ಊರಿನಿಂದ ಶಾಲೆಯ ಟಿ.ಸಿ. ತರಿಸಿದೆ. ತವರು ಬೇರೆ ತಾಲ್ಲೂಕಾದರೆ ಓಡಾಟ ಇನ್ನೂ ಜಾಸ್ತಿ. ಶಾಲೆಗೆ, ಕೆಲಸಕ್ಕೆ ಕೊಡುವ 2ಎ, 3ಎ ಸರ್ಟಿಫಿಕೇಟೇ ಸಾಕು ಅಂದುಕೊಳ್ಳಬೇಡಿ. ಚುನಾವಣೆಗೆ ವರ್ಗ ಅ, ವರ್ಗ ಬ ಅಂತ ಬೇರೆ ಲೆಕ್ಕ. ಅರ್ಜಿ ಹಾಕುವಾಗಲೇ ಚುನಾವಣೆಗೆ ಅಂತ ಹೇಳಿ.

ಅಫಿಡವಿಟ್ ಇನ್ನೊಂದು. ಕೇಸು ಇದೆಯಾ, ಆಸ್ತಿ ಎಷ್ಟು, ಸಾಲ ಎಷ್ಟು, ಓದು ಎಷ್ಟು. ಗಂಡನ ಲೆಕ್ಕವನ್ನೂ ಹೇಳಬೇಕು. ನೋಟರಿ ಮುಂದೆ ಪ್ರಮಾಣ. ನನಗೆ ಬರೆದುಕೊಟ್ಟ ಟೈಪಿಸ್ಟ್ "ಇದೆಲ್ಲ ನಿಮಗೆ ಅನ್ವಯಿಸಲ್ಲ ಬಿಡಿ" ಅಂತ ಅರ್ಧ ಕಾಲಂ ಖಾಲಿ ಬಿಟ್ಟಿದ್ದ. ಟೇಬಲ್ಲಿನಲ್ಲಿ ಕೂತ ಅಧಿಕಾರಿ ನೋಡಿದ ಕೂಡಲೇ ಬೆರಳಿಟ್ಟು ತೋರಿಸಿ, ಪೂರ್ತಿ ಮಾಡಿಕೊಂಡು ಬನ್ನಿ ಅಂತ ನೋಟಿಸ್ ಕೊಟ್ಟರು. ಮತ್ತೆ ನೋಟರಿ ಹತ್ತಿರ ಓಡಿದೆ. ಮಗು ಇಲ್ಲ, ಕಾರಿಲ್ಲ, ಚಿನ್ನ ಇಲ್ಲ, ಏನೇ ಇರಲಿ "ಇಲ್ಲ" ಅಂತ ಬರೆಸಿ. ಗೆರೆ ಎಳೆಯಬೇಡಿ.

ಗುಬ್ಬಿಗೇಟ್ ಲಾಯರ್

ಅಕ್ಕ ಹೇಳಿದ್ದಕ್ಕೆ ಹಿನ್ನೆಲೆ ಇದೆ. ಅಭ್ಯರ್ಥಿಯ ಕೇಸು, ಆಸ್ತಿ, ಓದು ಮತದಾರರಿಗೆ ಗೊತ್ತಾಗಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಖಾಲಿ ಕಾಲಂ ಬಿಟ್ಟ ಅಫಿಡವಿಟ್ ಅಫಿಡವಿಟ್ಟೇ ಅಲ್ಲ, ನೆನಪಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು ಅಂತ 2013ರಲ್ಲಿ ಹೇಳಿತು. ಅವು ಎಂಪಿ, ಎಂಎಲ್‌ಎ ಚುನಾವಣೆಯ ತೀರ್ಪುಗಳು. ಆದರೆ ಪಾಲಿಕೆ ಅಧಿಕಾರಿಯೂ ಅದೇ ಕಣ್ಣಿನಿಂದ ನೋಡುತ್ತಾರೆ ಅಂತ ತಿಳಿದೇ ತಯಾರಾಗಿ.

ಶಿರಾಗೇಟ್ ಸೀನ

ಇಷ್ಟೆಲ್ಲಾ ಮಾಡಿ ಪಕ್ಷೇತರವಾಗಿ ನಿಂತು ಏನು ಪ್ರಯೋಜನ ಸಾರ್? ಜನ ಚಿಹ್ನೆ ನೋಡಿ ಒತ್ತುತ್ತಾರೆ. ಯಾವುದಾದರೂ ಪಾರ್ಟಿ ಟಿಕೆಟ್ ಕೇಳೋದು ಒಳ್ಳೆಯದಲ್ವಾ?

ಬೂತ್ ಏಜೆಂಟ್

ನಾನೂ ಅದನ್ನೇ ಹೇಳುತ್ತೇನೆ. ಗ್ರಾಮ ಪಂಚಾಯಿತಿ ಆಗಿದ್ದರೆ ಪಾರ್ಟಿ ಚಿಹ್ನೆ ಇರಲ್ಲ, ಎಲ್ಲರೂ ಒಂದೇ. ಪಾಲಿಕೆ ಹಾಗಲ್ಲ. ಇಲ್ಲಿ ಬಿ ಫಾರಂ, ಅಂದರೆ ಇವರೇ ನಮ್ಮ ಅಭ್ಯರ್ಥಿ ಅಂತ ಪಾರ್ಟಿ ಕೊಡುವ ಪತ್ರ, ಇದ್ದರೇನೇ ಬೆಲೆ.

ಹೊರಗಿನವರಿಗೆ ಗೊತ್ತಾಗಲಿ ಅಂತ ಒಳಗಿನ ಕಥೆ ಹೇಳುತ್ತೇನೆ. ಒಂದು ವಾರ್ಡಿಗೆ ಎಂಟು ಜನ ಆಕಾಂಕ್ಷಿಗಳು ಅಂದುಕೊಳ್ಳಿ. ವಾರ್ಡ್ ಕಮಿಟಿ ಹೆಸರು ಕಳಿಸುತ್ತೆ, ಶಾಸಕರು ಇನ್ನೊಂದು ಹೆಸರು ಹೇಳುತ್ತಾರೆ, ಜಿಲ್ಲಾಧ್ಯಕ್ಷರ ಮನಸ್ಸಿನಲ್ಲಿ ಮತ್ತೊಂದು. ಕೊನೇ ದಿನದವರೆಗೂ ಹೆಸರು ಹೇಳುವುದೇ ಇಲ್ಲ. ಯಾಕೆ? ಮುಂಚೆ ಹೇಳಿದರೆ ಉಳಿದ ಏಳು ಜನ ಬಂಡಾಯ ಎದ್ದು ನಾಮಪತ್ರ ಹಾಕಲು ಟೈಮ್ ಸಿಗುತ್ತೆ. ಅದಕ್ಕೇ ಎಲ್ಲರೂ ಮೊದಲೇ ನಾಮಪತ್ರ ಹಾಕಿ ಕಾಯುತ್ತಾರೆ. ಬುದ್ಧಿವಂತರು ಎರಡು ಸೆಟ್ ಹಾಕುತ್ತಾರೆ, ಒಂದು ಪಾರ್ಟಿ ಹೆಸರಲ್ಲಿ, ಒಂದು ಪಕ್ಷೇತರ ಅಂತ.

ಬಿ ಫಾರಂ ನಾಮಪತ್ರದ ಕೊನೇ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿ ಕೈ ಸೇರಬೇಕು. ಮಸಿಯಲ್ಲಿ ಮಾಡಿದ ಸಹಿಯೇ ಬೇಕು, ಜೆರಾಕ್ಸ್ ನಡೆಯಲ್ಲ. 3 ದಾಟಿದರೆ ಪಾರ್ಟಿ ಅಧ್ಯಕ್ಷರೇ ಬಂದು ನಿಂತರೂ ಅವರು ಪಾರ್ಟಿ ಅಭ್ಯರ್ಥಿ ಅಲ್ಲ. 2.40ಕ್ಕೆ ಬಿ.ಎಚ್. ರಸ್ತೆ ಟ್ರಾಫಿಕ್ಕಿನಲ್ಲಿ ಬೈಕಿನ ಹಿಂದೆ ಕೂತು, ಕವರ್ ಎದೆಗೆ ಒತ್ತಿಕೊಂಡು ಬಂದವನು ನಾನೇ. ಕವರ್ ಒಳಗೆ ಯಾರ ಹೆಸರಿದೆ ಅಂತ ನನಗೂ ಹೇಳಿರಲಿಲ್ಲ.

ಹಳೇ ಶಿರಸ್ತೇದಾರ

ಸೀನಪ್ಪ, ಪಕ್ಷೇತರರಿಗೆ ಬೆಲೆ ಇಲ್ಲ ಅನ್ನಬೇಡ. 2018ರ ಆಗಸ್ಟ್ 31ರಂದು ನಮ್ಮ ಪಾಲಿಕೆಗೆ ಮತದಾನ ಆಯಿತು. 35 ವಾರ್ಡು. ಬಿಜೆಪಿ 12, ಕಾಂಗ್ರೆಸ್ 10, ಜೆಡಿಎಸ್ 10, ಪಕ್ಷೇತರರು 3. ಅರ್ಧ ದಾಟಲು 18 ಬೇಕು. ಯಾರಿಗೂ ಇಲ್ಲ. ಅಂಥ ಹೊತ್ತಿನಲ್ಲಿ ಆ ಮೂವರ ಮನೆ ಬಾಗಿಲಿಗೆ ಎಷ್ಟು ಕಾರು ಬಂದಿರಬಹುದು, ನೀನೇ ಲೆಕ್ಕ ಹಾಕು.

ಇನ್ನೊಂದು ಮಾತು. ಪಾರ್ಟಿಯಿಂದ ಗೆದ್ದವರು ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಾರ್ಟಿ ಆದೇಶ, ಮೀರಿದರೆ 1987ರ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಸದಸ್ಯತ್ವ ಹೋಗುತ್ತದೆ. ಸ್ಥಳೀಯ ಸಂಸ್ಥೆಗಳಿಗೂ ಅಂತಲೇ ನಮ್ಮ ರಾಜ್ಯ ಮಾಡಿದ ಕಾಯ್ದೆ ಅದು. ಬಿ ಫಾರಂ ಕೊಟ್ಟವರು ಐದು ವರ್ಷ ಹಗ್ಗ ಹಿಡಿದಿರುತ್ತಾರೆ.

ಬೂತ್ ಏಜೆಂಟ್

ಸಾರ್, ಮೂವರು ಗೆದ್ದರು ಸರಿ. ಸೋತ ಪಕ್ಷೇತರರು ಎಷ್ಟು ಜನ? ಠೇವಣಿ ಕಳೆದುಕೊಂಡವರ ಲೆಕ್ಕ ಯಾರೂ ಹೇಳಲ್ಲ. ಗೆಲ್ಲುವ ಪಕ್ಷೇತರರಲ್ಲಿ ಬಹಳ ಜನ ಟಿಕೆಟ್ ಸಿಗದ ಬಂಡಾಯದವರೇ ಆಗಿರುತ್ತಾರೆ. ಅವರಿಗೆ ಹಳೇ ಕಾರ್ಯಕರ್ತರ ಬಲ ಇರುತ್ತೆ. ಮೇಡಂಗೆ ಇರೋದು ಸಂಘದವರ ಬಲ.

ಚಿಕ್ಕಪೇಟೆ ಅಕ್ಕ

ಸಂಘದ ಬಲ ಕಡಿಮೆ ಅಲ್ಲ ತಮ್ಮ. ವಾರ್ಡ್ ಎಲೆಕ್ಷನ್ನಿನಲ್ಲಿ ನೂರು ಓಟು ಕೂಡ ದೊಡ್ಡದು. ನಾನು ಸೋತಿದ್ದು ಓಟಿಲ್ಲದೆ ಅಲ್ಲ, ಬೂತಿನ ಮುಂದೆ ಕೂರಲು ಜನ ಇಲ್ಲದೆ.

ಆಮೇಲೆ ಯಜಮಾನರ ವಿಷಯ. ಅವರು ಹೂಂ ಅನ್ನಲಿ ಬಿಡಲಿ, ನಾಮಪತ್ರ ಹಾಕುವ ದಿನ ನೀವೇ ಉತ್ತರ ಕೊಡಿ. ಅಧಿಕಾರಿ ಹೆಂಡತಿಯನ್ನು ಕೇಳಿದರೆ ಪಕ್ಕದಿಂದ ಗಂಡ ಉತ್ತರ ಕೊಡುವುದು ನಾಲ್ಕೈದು ಟೇಬಲ್ಲಿನಲ್ಲಿ ನಡೆಯುತ್ತಿತ್ತು. ನೋಡಿದವರು ಅಲ್ಲೇ ತೀರ್ಮಾನ ಮಾಡಿಬಿಡುತ್ತಾರೆ, ಗೆದ್ದರೆ ಮೆಂಬರ್ ಯಾರು ಅಂತ.

ಮರಳೂರಮ್ಮ

ಅಕ್ಕ, ನಾಮಪತ್ರ ಹಾಕುವ ದಿನ ಏನೇನಾಗುತ್ತೆ? ಮೆರವಣಿಗೆ ಎಲ್ಲಾ ಬೇಕಾ?

ಚಿಕ್ಕಪೇಟೆ ಅಕ್ಕ

ಬೇಡವೇ ಬೇಡ. ಡೊಳ್ಳು, ಹಾರ, ಜೀಪು ಎಲ್ಲಾ ಖರ್ಚಿನ ಲೆಕ್ಕಕ್ಕೆ ಬರುತ್ತದೆ. ಎಷ್ಟೇ ಜನ ಬಂದರೂ ಪೊಲೀಸರು ಹೊರಗೇ ತಡೆಯುತ್ತಾರೆ, ಒಳಗೆ ಬಿಡುವುದು ನಿಮ್ಮ ಜೊತೆ ಬೆರಳೆಣಿಕೆ ಜನರನ್ನು.

ಟೈಮು ಬೆಳಿಗ್ಗೆ 11ರಿಂದ 3. ಇಲ್ಲಿ ಒಂದು ತಮಾಷೆ ಇದೆ. ಶುಕ್ರವಾರ 10.30ರಿಂದ 12 ರಾಹುಕಾಲ. 11 ಗಂಟೆಗೆ ಹೋದರೆ ಅಧಿಕಾರಿ ಟೀ ಕುಡಿಯುತ್ತಾ ಕೂತಿರುತ್ತಾರೆ, ಒಬ್ಬರೂ ಇರಲ್ಲ. 12 ಹೊಡೆಯುತ್ತಿದ್ದ ಹಾಗೆ ಬಾಗಿಲಲ್ಲಿ ನೂಕುನುಗ್ಗಲು. ಗುರುವಾರ ಉಲ್ಟಾ, 1.30ರಿಂದ 3 ರಾಹುಕಾಲ, ಎಲ್ಲರೂ ಅದಕ್ಕೆ ಮುಂಚೆ ಬೀಳುತ್ತಾರೆ. ನಿಮಗೆ ನಂಬಿಕೆ ಇದ್ದರೆ ಬೇರೆ ಮಾತು. ನನಗಂತೂ ಖಾಲಿ ಟೇಬಲ್ಲೇ ಶುಭ ಮುಹೂರ್ತ. ಅಧಿಕಾರಿಗೂ ಬಿಡುವಿರುತ್ತೆ, ತಪ್ಪಿದ್ದರೆ ಸಮಾಧಾನವಾಗಿ ಹೇಳುತ್ತಾರೆ.

ಅವರು ಒಂದೊಂದೇ ಕಾಗದ ನೋಡಿ ಪಟ್ಟಿಯಲ್ಲಿ ಟಿಕ್ ಹಾಕುತ್ತಾರೆ. ಭಾಗದ ಸಂಖ್ಯೆ ಹೊಂದಿಸುತ್ತಾರೆ. ಠೇವಣಿ ಎಣಿಸಿ ರಸೀದಿ ಕೊಡುತ್ತಾರೆ. ಮೊತ್ತ ಅಧಿಸೂಚನೆಯಲ್ಲೇ ಇರುತ್ತೆ, ನಮಗೆ ಹೆಂಗಸರಿಗೆ ರಿಯಾಯಿತಿ ಉಂಟು. ಕೊನೆಗೆ ಪರಿಶೀಲನೆ ಯಾವಾಗ, ಎಲ್ಲಿ ಅಂತ ಚೀಟಿ ಕೊಡುತ್ತಾರೆ. ಆ ಚೀಟಿ ಇಲ್ಲದೆ ಎದ್ದು ಬರಬೇಡಿ. ನಿಮ್ಮ ಅಫಿಡವಿಟ್ ಹೊರಗೆ ಬೋರ್ಡಿಗೆ ಅಂಟಿಸುತ್ತಾರೆ. ನನ್ನ ಮಾಂಗಲ್ಯ ಸರ ಎಷ್ಟು ಗ್ರಾಂ ಅಂತ ಇಡೀ ಚಿಕ್ಕಪೇಟೆಗೆ ಗೊತ್ತಾಗಿದ್ದು ಹಾಗೆ!

ಕ್ಯಾತ್ಸಂದ್ರ ತಟ್ಟೆಇಡ್ಲಿ

ಅಕ್ಕ, ನಮ್ಮ ಕಡೆಯವರು ಸಿದ್ಧಗಂಗಾ ಮಠಕ್ಕೆ ಹೋಗಿ ಗದ್ದುಗೆಗೆ ನಮಸ್ಕಾರ ಹಾಕಿಯೇ ನಾಮಪತ್ರಕ್ಕೆ ಹೋಗೋದು. ರಾಹುಕಾಲದ ಪ್ರಶ್ನೆಯೇ ಬರಲ್ಲ.

ಪಕ್ಷೇತರರಿಗೆ ಚಿಹ್ನೆ ಹೇಗೆ ಕೊಡ್ತಾರೆ? ತುಮಕೂರಲ್ಲಿ ತೆಂಗಿನಕಾಯಿ ಸಿಕ್ಕರೆ ಅರ್ಧ ಗೆದ್ದ ಹಾಗೆ.

ಹಳೇ ಶಿರಸ್ತೇದಾರ

ಆಯೋಗ ಮುಕ್ತ ಚಿಹ್ನೆಗಳ ಪಟ್ಟಿ ಕೊಟ್ಟಿರುತ್ತದೆ. ಅದರಲ್ಲಿ ನಿಮಗೆ ಬೇಕಾದ್ದನ್ನು ಆದ್ಯತೆ ಪ್ರಕಾರ ನಾಮಪತ್ರದಲ್ಲೇ ಬರೆಯಬೇಕು. ಇಬ್ಬರು ಒಂದೇ ಕೇಳಿದರೆ ಚೀಟಿ ಎತ್ತುತ್ತಾರೆ. ದೂರದಿಂದ ನೋಡಿದರೂ ಗೊತ್ತಾಗುವ, ಬಾಯಲ್ಲಿ ಹೇಳಲು ಸುಲಭವಾದ ಚಿಹ್ನೆ ಕೇಳಿ. ಹಂಚುವುದು ನಾಮಪತ್ರ ಹಿಂಪಡೆಯುವ ಗಡುವು ಮುಗಿದ ಮೇಲೆ. ಹಾಗಾಗಿ ಕರಪತ್ರವನ್ನು ಮೊದಲೇ ಪ್ರಿಂಟ್ ಹಾಕಿಸಬೇಡಿ.

ಪರಿಶೀಲನೆ ದಿನ ನೀವೇ ಹೋಗಿ. ಎದುರಾಳಿ ತಕರಾರು ತೆಗೆದರೆ ಅಲ್ಲೇ ಉತ್ತರ ಕೊಡಬೇಕು. ಕಾಗುಣಿತ ತಪ್ಪು, ಮನೆ ನಂಬರ್ ತಪ್ಪು, ಇಂಥ ಸಣ್ಣಪುಟ್ಟದ್ದಕ್ಕೆ ತಿರಸ್ಕರಿಸುವ ಹಾಗಿಲ್ಲ. ಸಹಿ ಇಲ್ಲ, ಸೂಚಕರು ಆ ವಾರ್ಡಿನವರಲ್ಲ, ಠೇವಣಿ ಕಟ್ಟಿಲ್ಲ, ಮೀಸಲು ವಾರ್ಡಿಗೆ ಜಾತಿ ಪ್ರಮಾಣಪತ್ರ ಇಲ್ಲ, ಇವು ಉಳಿಯುವುದಿಲ್ಲ.

ಗುಬ್ಬಿಗೇಟ್ ಲಾಯರ್

ತಿರಸ್ಕರಿಸಿದರೆ ಕೂಡಲೇ ಕೋರ್ಟಿಗೆ ಹೋಗಿ ಚುನಾವಣೆ ನಿಲ್ಲಿಸುತ್ತೇನೆ ಅನ್ನುವವರು ಬಹಳ. ಸಂವಿಧಾನದ 243 ಝಡ್‌ಜಿ ವಿಧಿ ಅದಕ್ಕೇ ಅಡ್ಡ. ಚುನಾವಣಾ ತಕರಾರು ಅರ್ಜಿ ಬಿಟ್ಟರೆ ಬೇರೆ ದಾರಿ ಇಲ್ಲ, ಅದನ್ನು ಹಾಕುವುದು ಫಲಿತಾಂಶ ಬಂದ ಮೇಲೆ. ಆದ್ದರಿಂದ ಗೆಲ್ಲುವುದಿದ್ದರೆ ಪರಿಶೀಲನೆ ಟೇಬಲ್ಲಿನಲ್ಲೇ ಗೆಲ್ಲಬೇಕು.

ಬೂತ್ ಏಜೆಂಟ್

ಇನ್ನು ಹಿಂಪಡೆಯುವ ದಿನ. ಮೇಡಂ, ನಾನು ಪಾರ್ಟಿ ಕಡೆಯವನೇ, ಆದರೂ ಹೇಳುತ್ತೇನೆ. ನಿಮ್ಮ ಸಂಘದ ಓಟು ಐವತ್ತು ಇದೆ ಅಂತ ಗೊತ್ತಾದರೆ ಮನೆಗೆ ಜನ ಬರುತ್ತಾರೆ. ಮೊದಲು ಪ್ರೀತಿ. ನಿಮ್ಮ ನಾದಿನಿ ಗಂಡನನ್ನು ಹಿಡಿದು ಬರುತ್ತಾರೆ, ಊರಿನ ಹಿರಿಯರನ್ನು ಕರೆತರುತ್ತಾರೆ. ಆಮೇಲೆ ಕಾಸಿನ ಮಾತು. ಅದಕ್ಕೆ "ಮನವೊಲಿಕೆ" ಅಂತ ಹೆಸರು. ಒಂದು ಸಲ ಹಿಂಪಡೆಯುವ ಅರ್ಜಿ ಕೊಟ್ಟರೆ ಮತ್ತೆ ವಾಪಸ್ ತಗೊಳ್ಳಕ್ಕಾಗಲ್ಲ. ಖಾಲಿ ಹಾಳೆಗೆ ಸಹಿ ಯಾರಿಗೂ ಕೊಡಬೇಡಿ. ನಂಬಿಕಸ್ತರು ಅಂತ ಕೊಟ್ಟು, 3 ಗಂಟೆಗೆ ಕಣದಲ್ಲಿ ತಮ್ಮ ಹೆಸರೇ ಇಲ್ಲದವರಿದ್ದಾರೆ.

ಶಿರಾಗೇಟ್ ಸೀನ

ಅಬ್ಬಾ. ಖರ್ಚು ಎಷ್ಟು ಮಾಡಬಹುದು?

ಹಳೇ ಶಿರಸ್ತೇದಾರ

2018ರಲ್ಲಿ ಪಾಲಿಕೆಗೆ 3 ಲಕ್ಷ, ನಗರಸಭೆಗೆ 2 ಲಕ್ಷ ಮಿತಿ ಇತ್ತು. ನಿಮ್ಮ ಚುನಾವಣೆ ಬಂದಾಗ ಆಯೋಗದ ಆದೇಶ ನೋಡಿ. ಗೆದ್ದರೂ ಸೋತರೂ ಫಲಿತಾಂಶದ 30 ದಿನದೊಳಗೆ ಲೆಕ್ಕ ಕೊಡಬೇಕು. ಸೋತವರು "ಇನ್ನೇನು ಲೆಕ್ಕ" ಅಂತ ಮನೆಯಲ್ಲಿ ಕೂತುಬಿಡುತ್ತಾರೆ, ಮುಂದಿನ ಸಲ ಅನರ್ಹರಾಗುತ್ತಾರೆ. ಟೀ ಬಿಲ್ಲು, ಆಟೋ ಬಾಡಿಗೆ ಎಲ್ಲಾ ಅವತ್ತವತ್ತೇ ಬರೆದಿಡಿ.

ಶಿರಾಗೇಟ್ ಸೀನ

3 ಲಕ್ಷದಲ್ಲಿ ಯಾರು ಮಾಡ್ತಾರೆ ಸಾರ್, ಸುಮ್ನೆ ಹೇಳಬೇಡಿ.

ಚಿಕ್ಕಪೇಟೆ ಅಕ್ಕ

ನಾನು ಮಾಡಿದೆ. ಅದರ ಕಾಲು ಭಾಗವೂ ಆಗಲಿಲ್ಲ. ಸೋತೆ, ಅದು ಬೇರೆ.

ಮರಳೂರಮ್ಮ

ಪಟ್ಟಿ ತೆಗೆಸಿ ನೋಡಿದೆ. ನನ್ನದೂ ಯಜಮಾನರದೂ ನಮ್ಮ ವಾರ್ಡಿನಲ್ಲೇ ಇದೆ. ಆದರೆ ಸಂಘದ ಅಧ್ಯಕ್ಷೆ, ನನ್ನ ಸೂಚಕರಾಗುತ್ತೇನೆ ಅಂದವರು, ಅವರ ಹೆಸರು ಪಕ್ಕದ ವಾರ್ಡಿಗೆ ಹೋಗಿದೆ. ಇಬ್ಬರ ಮನೆ ಎದುರುಬದುರು! ಶಿರಸ್ತೇದಾರ್ ಸಾರ್ ಹೇಳಿದ ಹಾಗೇ ಆಯಿತು.

ಈಗ ಸಂಘದ ಇನ್ನೊಬ್ಬರು ಒಪ್ಪಿದ್ದಾರೆ, ಅವರು ನಮ್ಮ ವಾರ್ಡೇ. ಅವರಿಗೆ ಸಹಿ ಬರಲ್ಲ, ಹೆಬ್ಬೆಟ್ಟು. ಪರವಾಗಿಲ್ವಾ?

ಹಳೇ ಶಿರಸ್ತೇದಾರ

ಪರವಾಗಿಲ್ಲ. ಆದರೆ ಮನೆಯಲ್ಲೇ ಒತ್ತಿಸಿಕೊಂಡು ಬರಬೇಡಿ. ಅವರನ್ನೂ ಕರೆದುಕೊಂಡು ಹೋಗಿ, ಅಧಿಕಾರಿ ಎದುರಿಗೇ ಒತ್ತಲಿ. ಆಮೇಲೆ ಇದು ಅವರ ಹೆಬ್ಬೆಟ್ಟಲ್ಲ ಅಂತ ಯಾರೂ ತಕರಾರು ತೆಗೆಯಲಾರರು. ಗುರುತಿನ ಚೀಟಿ ಅವರದ್ದೂ ಇಟ್ಟುಕೊಳ್ಳಿ.

ಇನ್ನೊಬ್ಬ ಸೂಚಕರನ್ನೂ ನೋಡಿಟ್ಟುಕೊಳ್ಳಿ. ಅವರ ಹೆಸರಿನಲ್ಲಿ ಎರಡನೇ ಸೆಟ್ ಹಾಕಿ. ಒಂದರಲ್ಲಿ ಏನಾದರೂ ಲೋಪ ಸಿಕ್ಕರೂ ಇನ್ನೊಂದು ಉಳಿಯುತ್ತದೆ. ಎರಡು ಸೆಟ್ಟಿಗೂ ಠೇವಣಿ ಒಂದೇ ಸಲ ಕಟ್ಟಿದರೆ ಸಾಕು.

ಮರಳೂರಮ್ಮ

ಸರಿ ಸಾರ್. ತವರು ಕುಣಿಗಲ್ ಕಡೆ. ಸೋಮವಾರ ಜಾತಿ ಪ್ರಮಾಣಪತ್ರಕ್ಕೆ ಹೋಗುತ್ತೇನೆ, ಟಿ.ಸಿ.ಯನ್ನೂ ತರುತ್ತೇನೆ. ಯಜಮಾನರು ಬಸ್ಸಿಗೆ ಬೇಡ, ಬೈಕಿನಲ್ಲಿ ಬಿಡುತ್ತೇನೆ ಅಂದಿದ್ದಾರೆ.